ಚಾಪೆಯ ಮೇಲೆ ಕೂರದ ಮಗುವಿಗೆ ಕಥೆ ಯಾಕೆ?

ಪ್ರಶ್ನೆ: ನನಗೆ ಎರಡೂವರೆ ವರ್ಷದ ಮಗ, ಎಂಟು ತಿಂಗಳ ಮಗಳು. ಬೆಂಗಳೂರಿನ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಮುಕ್ಕಾಲು ಗಂಟೆ ಚಿಕ್ಕ ಮಕ್ಕಳಿಗೆ ಕಥೆ ಹೇಳುತ್ತಾರೆ. ಎರಡು ತಿಂಗಳಿಂದ ಹೋಗುತ್ತಿದ್ದೇನೆ. ಮಗ ಒಂದು ನಿಮಿಷವೂ ಕೂರುವುದಿಲ್ಲ. ಕಪಾಟಿನ ಸುತ್ತ ಓಡುತ್ತಾನೆ, ಬೇರೆಯವರ ನೀರಿನ ಬಾಟಲಿ ಎತ್ತಿಕೊಳ್ಳುತ್ತಾನೆ. ಉಳಿದ ತಾಯಂದಿರು ತಿರುಗಿ ನೋಡಿದಾಗ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಮಗಳಿಗಂತೂ ಕಥೆ ತಿಳಿಯುವ ವಯಸ್ಸೇ ಅಲ್ಲ. ‘ಮನೆಯಲ್ಲಿ ನಾನು ಹೇಳುವುದಿಲ್ಲವೇ, ಅದಕ್ಕೂ ಆಟೊ ಹಿಡಿದು ಹೋಗಬೇಕೇ?’ ಎಂಬುದು ಅತ್ತೆಯ ಮಾತು. ಅಲ್ಲಿ ಕಥೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಮನೆಯಲ್ಲಿ ನಮ್ಮದು ಕನ್ನಡ. ಮಗುವಿಗೆ ಗೊಂದಲವಾಗುವುದಿಲ್ಲವೇ? ಇದರಿಂದ ನಿಜವಾಗಿ ಉಪಯೋಗವಿದೆಯೇ, ನಿಲ್ಲಿಸಿಬಿಡಲೇ?

ಉತ್ತರ: ನಿಲ್ಲಿಸಬೇಡಿ. ಆದರೆ ಒಂದು ತಪ್ಪು ಲೆಕ್ಕ ಸರಿಮಾಡಿಕೊಳ್ಳಿ. ಆ ಚಾಪೆ ಹಾಸಿರುವುದು ನಿಮ್ಮ ಮಗನಿಗೆ ಎಂದು ನೀವು ತಿಳಿದಿದ್ದೀರಿ. ಅದು ಬಹುಪಾಲು ನಿಮಗೆ.

ಎರಡೂವರೆ ವರ್ಷದ ಮಗು ದಿನಕ್ಕೆ ಸುಮಾರು ಹನ್ನೆರಡು ಗಂಟೆ ನಿದ್ದೆ ಮಾಡಿದರೆ ವಾರದಲ್ಲಿ ಎಚ್ಚರವಿರುವುದು ಎಂಬತ್ತು ಚಿಲ್ಲರೆ ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಎಂದರೆ ನೂರರಲ್ಲಿ ಒಂದು ಪಾಲೂ ಆಗಲಿಲ್ಲ. ಅಷ್ಟರಲ್ಲಿ ಯಾವ ನುರಿತ ಕಥೆಗಾರರೂ ಮಗುವಿನ ಭಾಷೆ ಬೆಳೆಸಿಬಿಡಲಾರರು. ಉಳಿದ ತೊಂಬತ್ತೊಂಬತ್ತು ಪಾಲು ಇರುವುದು ನಿಮ್ಮ ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಬಸ್ಸಿನಲ್ಲಿ, ಮಲಗುವ ಕೋಣೆಯಲ್ಲಿ. ಶನಿವಾರ ನೀವು ಅಲ್ಲಿಂದ ಒಂದು ಹಾಡನ್ನೋ, ಒಂದು ದನಿಯನ್ನೋ, ಪ್ರಶ್ನೆ ಕೇಳುವ ಒಂದು ರೀತಿಯನ್ನೋ ಹೊತ್ತು ತಂದು ಸೋಮವಾರ ಬಳಸಿದರೆ ಆ ಮುಕ್ಕಾಲು ಗಂಟೆ ಸಾರ್ಥಕ. ಬಳಸದಿದ್ದರೆ ಮಗ ಬೊಂಬೆಯಂತೆ ಕೈಕಟ್ಟಿ ಕೂತಿದ್ದರೂ ಹೆಚ್ಚಿನ ಲಾಭವಿಲ್ಲ.

ಈಗ ಓಡುವ ಮಗನ ವಿಷಯ. ದೊಡ್ಡವರು ಕಿವಿಗೊಡುವಾಗ ಮುಖವನ್ನೂ ಆ ಕಡೆಗೇ ತಿರುಗಿಸುತ್ತಾರೆ. ಆದ್ದರಿಂದ ಬೆನ್ನು ತಿರುಗಿಸಿದ ಮಗು ಕೇಳುತ್ತಿಲ್ಲ ಎಂದು ನಾವು ತೀರ್ಮಾನಿಸುತ್ತೇವೆ. ಈ ವಯಸ್ಸಿನಲ್ಲಿ ಕಿವಿಗೂ ಕಾಲಿಗೂ ಅಂಥ ಒಪ್ಪಂದ ಇನ್ನೂ ಆಗಿರುವುದಿಲ್ಲ. ನಾನು ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ಕೊಡುತ್ತ, ಬಿಡುವಿದ್ದಾಗ ನಾನೇ ಕಥೆ ಹೇಳುತ್ತ ಬಂದವಳು. ಒಮ್ಮೆ ನನ್ನ ಗುಂಪಿಗೆ ಒಬ್ಬ ಹುಡುಗ ಬರುತ್ತಿದ್ದ. ನಾಲ್ಕು ವಾರ ಅವನು ಮಾಡಿದ್ದು ಒಂದೇ ಕೆಲಸ: ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುವುದು. ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಐದನೆಯ ವಾರ ಅವನ ತಾಯಿ ಬಂದು ಹೇಳಿದರು: ‘ಮೇಡಂ, ನಿನ್ನೆ ನಾನು ಬಚ್ಚಲ ಬಾಗಿಲು ತಟ್ಟಿದರೆ ಒಳಗಿಂದ ತಾಳೂ ತಾಳೂ ಎಂದ. ನಿಮ್ಮ ರಾಗದಲ್ಲೇ.’

ಆ ‘ತಾಳು ತಾಳು’ ಕಾಗಕ್ಕ ಗುಬ್ಬಕ್ಕನ ಕಥೆಯದು. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟುತ್ತದೆ. ಒಳಗಿನಿಂದ ಗುಬ್ಬಕ್ಕ ಒಂದೊಂದು ಸಲವೂ ಒಂದೊಂದು ನೆಪ ಹೇಳುತ್ತದೆ: ತಾಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ತಾಳು, ನೀರು ಹಾಕುತ್ತಿದ್ದೇನೆ, ತಾಳು, ತೊಟ್ಟಿಲಿಗೆ ಹಾಕುತ್ತಿದ್ದೇನೆ. ಈ ಕಥೆಯನ್ನು ಕಟ್ಟಿದವರು ಯಾರೋ, ಅವರಿಗೆ ಮಕ್ಕಳ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಮೊದಲನೆಯದಾಗಿ, ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಮೂರನೆಯ ಸಲಕ್ಕೆ ಮಗುವೇ ಅದನ್ನು ಹೇಳಬಲ್ಲದು. ಎರಡನೆಯದಾಗಿ, ಆ ನೆಪಗಳ ಪಟ್ಟಿ ಮಗುವಿನದೇ ದಿನಚರಿ. ಎಣ್ಣೆ, ನೀರು, ತೊಟ್ಟಿಲು ಎಂಬ ಪದಗಳು ಅದು ದಿನವೂ ಅನುಭವಿಸುವ ಕೆಲಸಗಳಿಗೆ ಅದೇ ಕ್ರಮದಲ್ಲಿ ಬಂದು ಅಂಟಿಕೊಳ್ಳುತ್ತವೆ.

ಮಗ ಓಡಲಿ. ಕಪಾಟಿಗೆ ಬೆನ್ನು ಕೊಟ್ಟು, ಬಾಗಿಲಿಗೆ ಹತ್ತಿರ ಕೂತುಕೊಳ್ಳಿ. ಅವನನ್ನು ಎಳೆದು ತಂದು ಕೂರಿಸುವ ಕುಸ್ತಿ ಬೇಡ, ಬೇರೆ ಮಗುವಿಗೆ ತಗಲುತ್ತಾನೆ ಎನ್ನಿಸಿದಾಗ ಮಾತ್ರ ಎದ್ದು ಹಿಡಿಯಿರಿ. ಹತ್ತು ನಿಮಿಷಕ್ಕೇ ಸಾಕು ಎನಿಸಿದರೆ ಹೊರಟುಬಿಡಿ. ಹಾಜರಿ ತೆಗೆಯುವವರು ಯಾರೂ ಇಲ್ಲ. ಇನ್ನು ತಿರುಗಿ ನೋಡುವ ತಾಯಂದಿರು: ಅವರಲ್ಲಿ ಅರ್ಧ ಜನ ನೋಡುವುದು ‘ಸದ್ಯ, ನಮ್ಮದೊಂದೇ ಹೀಗಲ್ಲ’ ಎಂಬ ನೆಮ್ಮದಿಗೆ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಅವರೇ ನನ್ನ ಬಳಿ ಬಂದು ಹೇಳಿಕೊಂಡದ್ದು.

ಎಂಟು ತಿಂಗಳ ಮಗಳಿಗೆ ಕಥೆ ತಿಳಿಯುವುದಿಲ್ಲ, ನಿಜ. ಆದರೆ ಅವಳು ಅಲ್ಲಿ ಕಥೆ ಕೇಳುತ್ತಿಲ್ಲ, ಮಾತು ಎಂದರೇನು ಎಂಬುದನ್ನು ನೋಡುತ್ತಿದ್ದಾಳೆ. ಒಬ್ಬರು ನಿಲ್ಲಿಸಿದಾಗ ಇನ್ನೊಬ್ಬರು ಶುರು ಮಾಡುತ್ತಾರೆ, ದನಿ ಏರಿದಾಗ ಎಲ್ಲರೂ ಉಸಿರು ಹಿಡಿಯುತ್ತಾರೆ, ಅಮ್ಮ ನೋಡುವ ಕಡೆ ನೋಡಿದರೆ ಅಲ್ಲೊಂದು ಆನೆ ಇರುತ್ತದೆ. ಒಂಬತ್ತನೆಯ ತಿಂಗಳ ಆಸುಪಾಸಿನಲ್ಲಿ ಮಕ್ಕಳು ಇನ್ನೊಬ್ಬರ ನೋಟದ ಜಾಡು ಹಿಡಿದು ಹೋಗುವುದನ್ನು ಗಟ್ಟಿಮಾಡಿಕೊಳ್ಳುತ್ತಾರೆ. ಪದ ಕಲಿಕೆಗೆ ಅದೇ ಮೆಟ್ಟಿಲು. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಮುಂದೆ ಚೀನೀ ಭಾಷೆ ಆಡುವವರು ಕೂತು, ಪುಸ್ತಕ ತೋರಿಸಿ, ಆಟವಾಡಿಸಿ ಹನ್ನೆರಡು ಬಾರಿ ಮಾತಾಡಿದರು. ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸುವಂತಾದವು. ಅದೇ ಜನ, ಅದೇ ಮಾತು ಟಿವಿ ಪರದೆಯ ಮೇಲೆ ಬಂದಾಗ ಏನೂ ಹತ್ತಲಿಲ್ಲ. ‘ಮೊಬೈಲಿನಲ್ಲೇ ಬೇಕಾದಷ್ಟು ಕಥೆಗಳಿವೆಯಲ್ಲ’ ಎನ್ನುವವರಿಗೆ ನಾನು ಹೇಳುವುದು ಈ ಸಂಗತಿಯನ್ನೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯೂ ಈ ದಿಕ್ಕಿನದೇ: ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಮಗುವನ್ನು ಕೂರಿಸಿಕೊಂಡಾಗ ಹತ್ತಿರದವರು ಓದಲಿ, ಕಥೆ ಹೇಳಲಿ.

ಮಗಳಿಗೆ ನೀವು ಮನೆಗೆ ಒಯ್ಯಬೇಕಾದದ್ದು ಕಥೆಯನ್ನಲ್ಲ, ತಾರಮ್ಮಯ್ಯವನ್ನು, ಚಪ್ಪಾಳೆಯನ್ನು, ಅವಲಕ್ಕಿ ಪವಲಕ್ಕಿಯಂಥ ಅರ್ಥವಿಲ್ಲದ ಪ್ರಾಸಗಳನ್ನು. ಮುಂದೊಂದು ದಿನ ಅವಳು ಅಕ್ಷರ ಕಲಿಯುವಾಗ ಪದವನ್ನು ತುಂಡರಿಸಿ ಕೇಳುವ ಕಿವಿ ಬೇಕಾಗುತ್ತದೆ. ‘ಅವಲಕ್ಕಿ’ಯ ‘ಅ’ ತೆಗೆದು ‘ಪ’ ಇಟ್ಟರೆ ನಗು ಬರುತ್ತದೆ ಎಂಬುದು ಆ ಕಿವಿಯ ಮೊದಲ ಪಾಠ.

ಈಗ ನಿಮ್ಮ ಪಾಲಿಗೆ ಬರುತ್ತೇನೆ, ನನಗೆ ಹೆಚ್ಚು ಹೇಳಬೇಕಿರುವುದೂ ಇಲ್ಲೇ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು ನ್ಯೂಯಾರ್ಕಿನಲ್ಲಿ ಒಂದು ಸರಳ ಕೆಲಸ ಮಾಡಿದರು. ಎರಡು ಮೂರು ವರ್ಷದ ಮಕ್ಕಳ ತಾಯಂದಿರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿನವರು ಮನೆಯಲ್ಲಿ ಮಗುವಿಗೆ ಪುಸ್ತಕ ಓದುತ್ತಿದ್ದರು, ಹೆಚ್ಚುಕಡಿಮೆ ಅಷ್ಟೇ ಬಾರಿ. ಒಂದು ಗುಂಪಿಗೆ ಮಾತ್ರ ಹೇಗೆ ಓದಬೇಕು ಎಂದು ಸ್ವಲ್ಪ ಹೊತ್ತು ಹೇಳಿಕೊಟ್ಟರು: ನೀವೇ ಓದಿ ಮುಗಿಸಬೇಡಿ, ಕೇಳಿ, ಕಾಯಿರಿ, ಮಗು ಅಂದದ್ದಕ್ಕೆ ಒಂದೆರಡು ಪದ ಸೇರಿಸಿ ಮರಳಿಸಿ. ನಾಲ್ಕೇ ವಾರದಲ್ಲಿ ಆ ಗುಂಪಿನ ಮಕ್ಕಳ ಮಾತು ಇನ್ನೊಂದು ಗುಂಪಿನವರಿಗಿಂತ ತಿಂಗಳುಗಳಷ್ಟು ಮುಂದಿತ್ತು. ಬದಲಾದದ್ದು ಓದಿಸುವ ರೀತಿ ಒಂದೇ.

ಅದು ಮನೆಯಲ್ಲಿ ಹೇಗಿರುತ್ತದೆ ಎಂದು ತೋರಿಸುತ್ತೇನೆ. ಪುಟದಲ್ಲಿ ಕೆಸರಿನಲ್ಲಿ ಸಿಕ್ಕಿಕೊಂಡ ಆನೆಯ ಚಿತ್ರವಿದೆ ಎನ್ನಿ. ಸಾಮಾನ್ಯವಾಗಿ ನಾವು ಮಾಡುವುದು ಇಷ್ಟು: ‘ಇದೇನು ಹೇಳು? ಆನೆ. ಹೇಳು, ಆನೆ. ಜಾಣ.’ ಅಲ್ಲಿಗೆ ಮಾತು ಸತ್ತಿತು. ಅದು ಪರೀಕ್ಷೆ, ಮಾತುಕತೆಯಲ್ಲ. ಅದರ ಬದಲು, ‘ಅಯ್ಯೋ, ಆನೆಗೆ ಏನಾಯಿತು?’ ಎಂದು ಕೇಳಿ ಸುಮ್ಮನಾಗಿ. ಮನಸ್ಸಿನಲ್ಲಿ ಐದು ಎಣಿಸಿ. ಈ ಐದು ಎಣಿಕೆ ದೊಡ್ಡವರಿಗೆ ಪ್ರಾಣಸಂಕಟ, ಎರಡಕ್ಕೇ ಬಾಯಿ ಹಾಕಿಬಿಡುತ್ತೇವೆ. ತಡೆದುಕೊಳ್ಳಿ. ಮಗ ‘ಕಾಲು’ ಎನ್ನುತ್ತಾನೆ. ನೀವು: ‘ಹೌದಲ್ಲ, ಆನೆಯ ಕಾಲು ಕೆಸರಲ್ಲಿ ಹೂತುಹೋಗಿದೆ.’ ಅವನು: ‘ಹೂತು.’ ನೀವು: ‘ಹೂತುಹೋಗಿದೆ. ಈಗ ಯಾರನ್ನು ಕರೆಯೋಣ?’ ಅವನು ‘ಅಜ್ಜಿ’ ಎನ್ನಬಹುದು. ಪುಸ್ತಕದಲ್ಲಿ ಅಜ್ಜಿ ಇಲ್ಲದಿದ್ದರೇನು, ಅಜ್ಜಿಯೇ ಬಂದು ಎಳೆಯಲಿ. ಆ ಪುಟದಲ್ಲೇ ಹತ್ತು ನಿಮಿಷ ಕಳೆದು ಕಥೆ ಮುಂದೆ ಸಾಗದಿದ್ದರೆ ನೀವು ಗೆದ್ದಿರಿ.

ಇದನ್ನು ನಿಮಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಆಗದೇ, ಶನಿವಾರ ಯಾಕೆ ಹೋಗಬೇಕು? ಓದಿ ತಿಳಿಯುವುದಕ್ಕೂ ಕಣ್ಣಾರೆ ಕಂಡು ಕಲಿಯುವುದಕ್ಕೂ ಇರುವ ಅಂತರವೇ ಕಾರಣ. ಒಬ್ಬ ತಂದೆ ನನ್ನ ಗುಂಪಿಗೆ ಮೂರು ತಿಂಗಳು ಗೋಡೆಗೆ ಒರಗಿ ನಿಂತೇ ಬಂದರು. ಮಗಳಿಗೆ ಕಥೆ ಹೇಳಲು ಬರುವುದಿಲ್ಲ, ನಾಟಕ ಮಾಡಲು ಸಂಕೋಚ ಎನ್ನುತ್ತಿದ್ದರು. ಒಂದು ದಿನ ಹುಲಿಯ ಗರ್ಜನೆಯ ಜಾಗದಲ್ಲಿ ನನಗೆ ಕೆಮ್ಮು ಬಂತು. ಹಿಂದಿನಿಂದ ಗರ್ಜನೆ ಕೇಳಿಸಿತು. ಅವರದೇ. ಮಕ್ಕಳೆಲ್ಲ ಕಿರುಚಿಕೊಂಡು ತಿರುಗಿದರು, ಅವರ ಕಿವಿ ಕೆಂಪಾಗಿತ್ತು. ಮುಂದಿನ ವಾರದಿಂದ ಅವರು ಚಾಪೆಯ ಮೇಲೆ. ಬೇರೆ ದೊಡ್ಡವರು ಲಜ್ಜೆ ಬಿಟ್ಟು ಕಪ್ಪೆಯಂತೆ ವಟಗುಟ್ಟುವುದನ್ನು ನೋಡದೆ ನಮ್ಮ ಲಜ್ಜೆ ಬಿಡುವುದಿಲ್ಲ.

ಇನ್ನೊಂದು ಲಾಭವಿದೆ, ಕರಪತ್ರಗಳಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಎರಡು ಪುಟ್ಟ ಮಕ್ಕಳ ತಾಯಿ ವಾರಕ್ಕೊಮ್ಮೆ ತನ್ನಂಥ ಹತ್ತು ಜನರ ನಡುವೆ ಕೂರುತ್ತಾಳೆ. ಬಾಣಂತನ ಮುಗಿದು ತವರಿನಿಂದ ಹಿಂದಿರುಗಿದ ಮೇಲೆ ಬೆಂಗಳೂರಿನಂಥ ಊರಿನಲ್ಲಿ ಬಹಳ ಹೆಂಗಸರು ಇಡೀ ದಿನ ಮಾತಾಡುವುದು ಕೂಸಿನ ಜೊತೆ ಮಾತ್ರ. ‘ನಿಮ್ಮದೂ ರಾತ್ರಿ ನಾಲ್ಕು ಸಲ ಏಳುತ್ತದೆಯೇ?’ ಎಂಬ ಒಂದು ಪ್ರಶ್ನೆಗೆ ಇರುವ ಬಲ ಎಷ್ಟೆಂದು ಅದನ್ನು ಕೇಳಿಸಿಕೊಂಡವರಿಗೇ ಗೊತ್ತು. ಕಥೆ ಮುಗಿದ ಮೇಲೆ ಹದಿನೈದು ನಿಮಿಷ ಬಾಗಿಲು ಹಾಕದೆ ಬಿಡುವಂತೆ ನಾನು ಎಲ್ಲ ಕಡೆಯೂ ಹೇಳುತ್ತೇನೆ. ಆ ಹದಿನೈದು ನಿಮಿಷದಲ್ಲೇ ಕೆಲವು ಗಂಭೀರ ಸಂಗತಿಗಳೂ ಬೆಳಕಿಗೆ ಬರುತ್ತವೆ. ಓಡುವುದು ಚಿಂತೆಯ ವಿಷಯವಲ್ಲ. ಆದರೆ ಹೆಸರು ಕರೆದರೆ ತಿರುಗದಿರುವುದು, ವರ್ಷ ತುಂಬಿದರೂ ತೊದಲು ಇಲ್ಲದಿರುವುದು, ಎರಡು ವರ್ಷವಾದರೂ ‘ಅಮ್ಮ ಬಾ’ ಎನ್ನುವಂತೆ ಎರಡು ಪದ ಕೂಡಿಸದಿರುವುದು, ಬಂದಿದ್ದ ಮಾತು ಹೋಗಿಬಿಡುವುದು, ಇವು ಕಂಡರೆ ಕಾಯಬಾರದು. ‘ಗಂಡುಮಕ್ಕಳಿಗೆ ಮಾತು ತಡ’ ಎಂಬ ಸಮಾಧಾನವನ್ನು ನಂಬಿ ಕೂರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇದೆ. ನಿಮ್ಮ ಪತ್ರದಲ್ಲಿ ಮಗನ ಓಟದ ಬಗ್ಗೆ ಇದೆ, ಮಾತಿನ ಬಗ್ಗೆ ಒಂದು ಸಾಲೂ ಇಲ್ಲ. ಈ ಪಟ್ಟಿಯನ್ನು ಒಮ್ಮೆ ನೀವೇ ನೋಡಿಕೊಳ್ಳಿ.

ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುವುದಿಲ್ಲ, ಮಾತೂ ತಡವಾಗುವುದಿಲ್ಲ. ನಮ್ಮ ಬೀದಿಗಳ ಮಕ್ಕಳು ಕನ್ನಡ, ತೆಲುಗು, ಉರ್ದು, ತಮಿಳುಗಳ ನಡುವೆ ಎಂದಿನಿಂದಲೂ ಬೆಳೆದಿದ್ದಾರೆ. ನನ್ನ ತಕರಾರು ಬೇರೆ. ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ ಹೇಳಿ ತಕ್ಷಣ ಇಂಗ್ಲಿಷಿಗೆ ತಿರುಗಿಸುವವರಿದ್ದಾರೆ. ಆಗ ಕಥೆಯ ಓಟವೇ ಮುರಿಯುತ್ತದೆ, ಮಗು ತನಗೆ ಬಾರದ ಭಾಷೆ ಬಂದಾಗ ಕಿವಿ ಮುಚ್ಚಿಕೊಂಡು ಕಾಯುವುದನ್ನು ಕಲಿಯುತ್ತದೆ. ಒಂದು ಕಥೆ ಪೂರ್ತಿ ಕನ್ನಡದಲ್ಲಿ, ಇನ್ನೊಂದು ಪೂರ್ತಿ ಇಂಗ್ಲಿಷಿನಲ್ಲಿ ಹೇಳಿ ಎಂದು ನಿಮ್ಮ ಗ್ರಂಥಾಲಯದವರನ್ನು ಕೇಳಿ. ಮನೆಯಲ್ಲಿ ಮಾತ್ರ ನಿಮಗೆ ಬೈಯಲು, ನಗಲು, ಮುದ್ದಾಡಲು ಯಾವ ಭಾಷೆ ಬರುತ್ತದೋ ಅದರಲ್ಲೇ ಹೇಳಿ. ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ 1921ರಲ್ಲಿ ಕೆಲಸಕ್ಕೆ ಸೇರಿದ ಪುರಾ ಬೆಲ್‌ಪ್ರೆ ಎಂಬ ಪೋರ್ಟೊರಿಕೊ ಮೂಲದ ಹೆಣ್ಣುಮಗಳು ನನಗೆ ಈ ಸಂದರ್ಭದಲ್ಲಿ ನೆನಪಾಗುತ್ತಾರೆ. ಗ್ರಂಥಾಲಯ ಎಂದರೆ ಇಂಗ್ಲಿಷ್ ಬಲ್ಲವರ ಜಾಗ ಎಂದು ಸ್ಪ್ಯಾನಿಷ್ ಮಾತಾಡುವ ವಲಸಿಗರು ದೂರವಿದ್ದ ಕಾಲ ಅದು. ಬೆಲ್‌ಪ್ರೆ ತಮ್ಮ ನಾಡಿನ ಅಜ್ಜಿಕಥೆಗಳನ್ನು ಎರಡೂ ಭಾಷೆಗಳಲ್ಲಿ ಹೇಳತೊಡಗಿದರು. ಮಕ್ಕಳ ಬೆನ್ನಿಗೆ ತಾಯಿತಂದೆಯರೂ ಬಂದರು. ಕನ್ನಡ ಬಿಟ್ಟು ಬರಿಯ ಇಂಗ್ಲಿಷಿನಲ್ಲಿ ಕಥೆ ನಡೆಸಿ, ಕೆಲಸದವರ ಮಕ್ಕಳು ಏಕೆ ಬರುವುದಿಲ್ಲ ಎಂದು ಅಚ್ಚರಿಪಡುವ ನಮ್ಮ ಕೆಲವು ಬಡಾವಣೆಗಳು ಇದನ್ನು ಗಮನಿಸಬೇಕು.

ಅಕ್ಷರ ಕಲಿಸುವುದಿಲ್ಲವಲ್ಲ ಎಂದು ಯಾರಾದರೂ ಮೂಗು ಮುರಿದರೆ ತಲೆಕೆಡಿಸಿಕೊಳ್ಳಬೇಡಿ. ಕಾಗುಣಿತ, ಒತ್ತಕ್ಷರ ಸೇರಿ ಕನ್ನಡದ ಮಗು ನೂರಾರು ಅಕ್ಷರರೂಪಗಳನ್ನು ಗುರುತಿಸಬೇಕು. ಶಾಲೆಯಲ್ಲಿ ಅದಕ್ಕೆ ವರ್ಷಗಳೇ ಹಿಡಿಯುತ್ತವೆ, ಹಿಡಿಯಬೇಕು. ಎರಡೂವರೆಗೆ ಅದರ ಆತುರವಿಲ್ಲ.

ಎಲ್ಲ ಕಥಾ ಕಾರ್ಯಕ್ರಮವೂ ಒಳ್ಳೆಯದು ಎಂದು ಹೇಳಿದರೆ ನನ್ನ ಅನುಭವಕ್ಕೆ ದ್ರೋಹ ಬಗೆದಂತೆ. ನಾನೇ ಒಮ್ಮೆ ಬೇಸಿಗೆ ಶಿಬಿರದಲ್ಲಿ ಅರವತ್ತು ಮಕ್ಕಳನ್ನು ಕೂರಿಸಿ, ಮೈಕ್ ಹಿಡಿದು ನರಿಯ ಕಥೆ ಹೇಳಿದೆ. ಮೈಕಿನಲ್ಲಿ ನನ್ನ ಊಳು ಎಷ್ಟು ಭಯಂಕರವಾಗಿತ್ತೆಂದರೆ ಮುಂದಿನ ಸಾಲಿನ ಮೂವರು ಒಟ್ಟಿಗೆ ಅಳತೊಡಗಿದರು, ಅದು ಹಿಂದಿನ ಸಾಲಿಗೂ ಹಬ್ಬಿತು. ಫೋಟೊ ಮಾತ್ರ ಚೆನ್ನಾಗಿ ಬಂದಿತ್ತು. ಮೂರು ವರ್ಷದೊಳಗಿನವರಿಗೆ ಹತ್ತು ಹನ್ನೆರಡು ಮಕ್ಕಳ ಗುಂಪು ಸಾಕು, ಮೈಕ್ ಬೇಡವೇ ಬೇಡ. ಒಂದು ಕಾರ್ಯಕ್ರಮದ ಗುಣ ಅಳೆಯಲು ನಾನು ಮಕ್ಕಳನ್ನು ನೋಡುವುದಿಲ್ಲ, ದೊಡ್ಡವರು ಎಲ್ಲಿದ್ದಾರೆ ಎಂದು ನೋಡುತ್ತೇನೆ. ಅವರು ಹಿಂದಿನ ಕುರ್ಚಿಗಳಲ್ಲಿ ಮೊಬೈಲ್ ತಿರುವುತ್ತಿದ್ದರೆ ಅದು ಮಕ್ಕಳನ್ನು ಮುಕ್ಕಾಲು ಗಂಟೆ ಒಪ್ಪಿಸಿಹೋಗುವ ಜಾಗ ಅಷ್ಟೇ. ಮಗುವಿನ ಪಕ್ಕದಲ್ಲಿ ಕೂತು ತಾವೂ ಹಾಡುತ್ತಿದ್ದರೆ, ಒಂದೇ ಕಥೆಯನ್ನು ಎರಡು ಮೂರು ವಾರ ಹೇಳಿಸಿಕೊಳ್ಳುತ್ತಿದ್ದರೆ, ಹೊರಡುವಾಗ ಮನೆಗೊಂದು ಪುಸ್ತಕ ಒಯ್ಯುತ್ತಿದ್ದರೆ ಅದು ಸರಿಯಾದ ಜಾಗ.

ಊರಿಗೆ ಹೋದಾಗಲೂ ಇದನ್ನು ಬಿಡಬೇಕಿಲ್ಲ. ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಗಿ ಆರರಿಂದ ಹದಿನೆಂಟು ವರ್ಷದವರಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆರಕ್ಕಿಂತ ಚಿಕ್ಕವರನ್ನು ಅಕ್ಕಪಕ್ಕದ ದೊಡ್ಡ ಮಕ್ಕಳ ಕಂಕುಳಲ್ಲಿ ಕಳಿಸಿದರಾಯಿತು. ಚಿತ್ರಪುಸ್ತಕ ನೋಡಬೇಡ ಎಂದು ಯಾವ ಮೇಲ್ವಿಚಾರಕರೂ ಅಟ್ಟುವುದನ್ನು ನಾನು ಕಂಡಿಲ್ಲ. ಮಗನಿಗೆ ಮೂರು ತುಂಬಿದರೆ ಅಂಗನವಾಡಿಯೂ ಇದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಜನ ಅಂಗನವಾಡಿಯನ್ನು ಮೊಟ್ಟೆ, ಹಿಟ್ಟಿನ ಲೆಕ್ಕದಲ್ಲೇ ನೆನೆಯುತ್ತಾರೆ. ಅಲ್ಲಿ ಕಥೆಗೂ ಹಾಡಿಗೂ ದಿನವೂ ಸಮಯವಿದೆ.

ಕೊನೆಗೆ ನಿಮ್ಮ ಅತ್ತೆಯವರು. ಅವರ ಮಾತಿನಲ್ಲಿ ತಿರುಳಿದೆ. ಹಿಂದೆ ಅಜ್ಜಿಯರು ಕಥೆ ಹೇಳುವಾಗ ಮೊದಲೇ ಕರಾರು ಹಾಕುತ್ತಿದ್ದರು: ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ನಿಲ್ಲುತ್ತದೆ. ಮಗು ಸಾಲಿಗೊಮ್ಮೆ ‘ಹೂಂ’ ಎನ್ನಬೇಕು, ‘ಹೂಂ’ ನಿಂತರೆ ನಿದ್ದೆ ಬಂತು ಎಂದರ್ಥ. ಕಥೆ ಇಬ್ಬರ ಕೆಲಸ ಎಂದು ಅವರಿಗೆ ಯಾವ ಮನಶ್ಶಾಸ್ತ್ರಜ್ಞರೂ ಹೇಳಿಕೊಡಬೇಕಿರಲಿಲ್ಲ. ಆದ್ದರಿಂದ ಅವರೊಡನೆ ವಾದಿಸಬೇಡಿ, ಅವರನ್ನೇ ಆಟೊ ಹತ್ತಿಸಿ. ನನ್ನ ಗುಂಪಿಗೆ ಹೀಗೆಯೇ ಒಬ್ಬ ಅಜ್ಜಿ ಬಂದರು, ಮುಖ ಗಂಟಿಕ್ಕಿಕೊಂಡು. ನಾನು ಕಾಗಕ್ಕ ಗುಬ್ಬಕ್ಕನ ಕಥೆ ಶುರುಮಾಡಿ ‘ಕಾಗಕ್ಕನದು ಮಣ್ಣಿನ ಮನೆ’ ಎಂದೆ. ಅಜ್ಜಿ ತಡೆದುಕೊಳ್ಳಲಾರದೆ ಹಿಂದಿನಿಂದ, ‘ಮಣ್ಣಲ್ಲ, ಸಗಣಿ’ ಎಂದರು. ಎರಡು ಜಿಲ್ಲೆಗಳ ತಾಯಂದಿರು ಪರ ವಿರೋಧ ನಿಂತರು. ಮಕ್ಕಳು ‘ಸಗಣಿ! ಸಗಣಿ!’ ಎಂದು ಕುಣಿದರು. ಮುಂದಿನ ಶನಿವಾರ ನನ್ನ ಮಣೆಯ ಮೇಲೆ ಅವರು ಕೂತಿದ್ದರು, ನಾನು ಚಾಪೆಯ ಮೇಲೆ ಕೂತು ಹೂಂಗುಟ್ಟುತ್ತಿದ್ದೆ.